ತಾಳಯಂತ್ರಗಳ ಪಾಠಾಂತರಗಳು

ತಾಳೆಯೋಲೆಯ ಗ್ರಂಥವೊಂದರ ಶುದ್ಧಪಾಠವನ್ನು ನಿರ್ಣಯಿಸಲು ಹೊರಟ ವಿದ್ವಾಂಸನು ಓಲೆಯ ಕಾಲವನ್ನೂ ಅದರ ಮೇಲಣ ಬರೆಹದ ಮೂಲವನ್ನೂ ಬೇರೆ ಬೇರೆಯಾಗಿಯೇ ವಿಚಾರಮಾಡುವನು. ಓಲೆಯು ಹಳೆಯದೆಂದ ಮಾತ್ರಕ್ಕೆ ಪಾಠವು ಮೂಲಕರ್ತನದೆಂದು ಯಾರೂ ಒಪ್ಪುವುದಿಲ್ಲ. ಈ ವಿವೇಕವು ಕ್ರಿ. ಶ. ೧೯೮೦ರಿಂದೀಚೆಗೆ ಅಮೆರಿಕದಲ್ಲಿ ನಿರ್ಮಿತವಾದ ವಿದ್ಯುತ್ ತಾಳಯಂತ್ರಗಳ ವಿಷಯದಲ್ಲಿಯೂ ಅವಶ್ಯಕವಾಗಿದೆ. ಡ್ರಮ್ ಮೆಷೀನೆಂದು ಪ್ರಸಿದ್ಧವಾದ ಈ ಪೆಟ್ಟಿಗೆಗಳಲ್ಲಿ ಹೊರಗಣ ಕವಚವು ಒಂದು ಕಾಲದ್ದಾಗಿದ್ದು, ಒಳಗಣ ಚಿಪ್ಪಿನಲ್ಲಿರುವ ಬರೆಹವು ಮತ್ತೊಂದು ಕಾಲದ್ದೂ ಮತ್ತೊಬ್ಬರದೂ ಆಗಿರುವುದುಂಟು. ಹೀಗೆ ಚಿಪ್ಪುಗಳನ್ನು ಬದಲಾಯಿಸುವುದನ್ನು ಕೆಲವರು ಹವ್ಯಾಸಿಗಳ ಕೈಚಳಕವೆಂದೂ, ಹಳೆಯ ವಾದ್ಯಗಳನ್ನು ಸಂಗ್ರಹಿಸುವವರು ಮೂಲಕ್ಕೆ ಮಾಡಿದ ಅಪಚಾರವೆಂದೂ ಭಾವಿಸುವರು. ಎರಡು ಅಭಿಪ್ರಾಯಗಳೂ ಅಸಮಗ್ರವಾದುವು. ಇದು ವಸ್ತುತಃ ಪಾಠಪರಂಪರೆಯ ಇತಿಹಾಸವೇ ಆಗಿದೆ.

ಈ ಇತಿಹಾಸವು ಕ್ಯಾಲಿಫೋರ್ನಿಯಾದ ರೋಜರ್ ಲಿನ್ ಎಂಬಾತನಿಂದ ಮೊದಲಾಗುತ್ತದೆ. ಅದಕ್ಕೆ ಹಿಂದಿನ ತಾಳಯಂತ್ರಗಳು ವಿದ್ಯುನ್ಮಂಡಲಗಳಿಂದ ಮದ್ದಲೆಯನ್ನು ಹೋಲುವ ಸದ್ದನ್ನು ಹುಟ್ಟಿಸುತ್ತಿದ್ದುವೇ ಹೊರತು ನಿಜವಾದ ಚರ್ಮವಾದ್ಯದ ನಾದವನ್ನು ಬಲ್ಲುವಲ್ಲ. ೧೯೮೦ರಲ್ಲಿ ಲಿನ್ ರಚಿಸಿದ ‘ಎಲ್‌ಎಮ್-೧’ ಎಂಬ ಯಂತ್ರದಲ್ಲಾದರೋ, ವಾದಕನು ಹೊಡೆದ ಪೆಟ್ಟಿನ ಧ್ವನಿಯನ್ನೇ ಸಂಖ್ಯೆಗಳನ್ನಾಗಿ ಮಾಡಿ ಚಿಪ್ಪುಗಳಲ್ಲಿ ಬರೆದಿಡಲಾಗಿತ್ತು. ಇದರ ಬೆಲೆ ೪,೯೯೫ ಡಾಲರು. ಅಷ್ಟು ಹಣ ತೆತ್ತರೂ ಅದರಲ್ಲಿ ಸಿಂಬಲ್ ಎಂಬ ದೊಡ್ಡ ಕಂಚಿನ ತಟ್ಟೆಯ ಧ್ವನಿಯಿರಲಿಲ್ಲ. ಕಂಚಿನ ಅನುರಣನವು ದೀರ್ಘವಾದುದು. ಅದನ್ನು ಬರೆದಿಡುವಷ್ಟು ಸ್ಮೃತಿಕೋಶವು ಆಗ ಅತಿದುಬಾರಿಯಾಗಿತ್ತು. ೧೯೮೨ರ ‘ಲಿನ್‌ಡ್ರಮ್’ನಲ್ಲಿ ಈ ಕೊರತೆ ನೀಗಿತು. ಅದರ ಧ್ವನಿಚಿಪ್ಪುಗಳನ್ನು ಸಾಕೆಟ್ಟುಗಳಲ್ಲಿ ಕೂರಿಸಲಾಗಿದ್ದಿತು. ಬೇರೆ ಧ್ವನಿಗಳ ಚಿಪ್ಪುಗಳನ್ನು ಆ ಸಂಸ್ಥೆಯೇ ಮಾರುತ್ತಿದ್ದಿತು. ಎಂದಮೇಲೆ ಪಾಠಾಂತರಕ್ಕೆ ಮೊದಲು ಅವಕಾಶವಿತ್ತವನು ಮೂಲಕರ್ತನೇ ಎಂಬುದನ್ನು ಸಂಗ್ರಾಹಕರು ಮರೆಯಬಾರದು.

ಚಿಪ್ಪಿನ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ಇಂಟೆಲ್ ಸಂಸ್ಥೆಯಲ್ಲಿದ್ದ ಡೋವ್ ಫ್ರೋಮನ್ ಎಂಬ ವಿಜ್ಞಾನಿಯು ೧೯೭೧ರಲ್ಲಿ ಬೆಳಕಿಗೆ ತಂದ ಈ ಬಗೆಗೆ ‘ಇಪ್ರಾಮ್’ ಎಂದು ಹೆಸರು. ಸುತ್ತಲೂ ಅವಾಹಕವಸ್ತುವಿನಿಂದ ಆವೃತವಾದ ಅತಿಸೂಕ್ಷ್ಮ ಕೋಶಗಳಲ್ಲಿ ವಿದ್ಯುದಂಶವನ್ನು ಸೆರೆಹಿಡಿದರೆ ಒಂದು ಅಂಕಿ, ಹಿಡಿಯದಿದ್ದರೆ ಮತ್ತೊಂದು ಅಂಕಿ, ಬರೆಹವೆಂದರೆ ಇಷ್ಟೆ. ಚಿಪ್ಪಿನ ನೆತ್ತಿಯ ಮೇಲೆ ಸ್ಫಟಿಕದ ಪುಟ್ಟ ಗವಾಕ್ಷವೊಂದಿರುವುದು. ಅದರ ಮೂಲಕ ನೇರಳಾತೀತ ಕಿರಣಗಳನ್ನು ಕೆಲವು ನಿಮಿಷಗಳ ಕಾಲ ಹಾಯಿಸಿದರೆ ಬರೆಹವೆಲ್ಲವೂ ಅಳಿಸಿಹೋಗಿ, ಚಿಪ್ಪು ಪುನಃ ಬರೆಯುವುದಕ್ಕೆ ಸಿದ್ಧವಾಗುವುದು. ಬೆಳಕು ತಾಗದಿರಲೆಂದು ಗವಾಕ್ಷದ ಮೇಲೆ ಚೀಟಿಯನ್ನು ಅಂಟಿಸುವರು. ಆ ಚೀಟಿಯಲ್ಲಿಯೇ ಪಾಠದ ಹೆಸರು, ಆವೃತ್ತಿಯ ಸಂಖ್ಯೆಗಳನ್ನು ಬರೆಯುವ ರೂಢಿ. ನಮ್ಮ ಪ್ರತಿಗಳ ಕೊನೆಯ ಪುಷ್ಪಿಕೆಯಂತೆ ಇದೂ ಸಂಶೋಧಕನಿಗೆ ಬಹಳ ಉಪಕಾರಿ, ಪುಷ್ಪಿಕೆಯಂತೆಯೇ ಒಮ್ಮೊಮ್ಮೆ ಸುಳ್ಳನ್ನೂ ಹೇಳುವುದು.

೧೯೮೩ರಲ್ಲಿ ಈ-ಮ್ಯು ಎಂಬ ಸಂಸ್ಥೆಯು ‘ಡ್ರಮ್ಯುಲೇಟರ್’ ಎಂಬ ಯಂತ್ರವನ್ನು ೯೯೫ ಡಾಲರಿಗೆ ಮಾರಾಟಕ್ಕಿಟ್ಟಿತು. ಬೆಲೆ ಇಳಿದುದರಿಂದ ಅದು ಅನೇಕರ ಕೈಸೇರಿತು. ಆದರೆ ಎಲ್ಲರ ಮನೆಯಲ್ಲಿಯೂ ಅದೇ ಧ್ವನಿ. ಬರ್ಕ್ಲಿಯ ವಿಶ್ವವಿದ್ಯಾನಿಲಯದಲ್ಲಿ ಓದಿದ ಪೀಟರ್ ಗಾಚರ್, ಇವಾನ್ ಬ್ರೂಕ್ಸ್ ಎಂಬ ಇಬ್ಬರು ಗೆಳೆಯರು ಆಗ ಅದರ ಸ್ಮೃತಿಕೋಶದ ವಿನ್ಯಾಸವನ್ನು, ಎಂದರೆ ಯಾವ ಧ್ವನಿಯು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುವುದೆಂಬುದನ್ನು, ಶೋಧಿಸಿದರು. ಬಳಿಕ ಆಯಾ ಸ್ಥಾನಗಳಲ್ಲಿ ಬೇರೆ ಧ್ವನಿಗಳನ್ನು ಬರೆದು, ‘ಡಿಜಿಡ್ರಮ್ಸ್’ ಎಂಬ ಹೆಸರಿನಿಂದ ೧೯೮೪ರಲ್ಲಿ ಮಾರತೊಡಗಿದರು. ಐದು ಬಗೆಯ ಚಿಪ್ಪುಗಳು ಹೊರಟು, ಒಟ್ಟು ೬೦,೦೦೦ದಷ್ಟು ಮಾರಾಟವಾದುವೆಂದು ಪ್ರಸಿದ್ಧಿಯುಂಟು.

ಇಲ್ಲಿ ನಡೆದ ಕಾರ್ಯವು ವ್ಯಾಕರಣವನ್ನೋದಿದವರಿಗೆ ಹೊಸದಾಗಿ ತೋರಲಾರದು. ಸ್ಥಾನಿಯು ಹೋಗಿ ಅದರ ಎಡೆಗೆ ಆದೇಶವು ಬರುವುದು. ‘ಮಳೆಗಾಲ’ದಲ್ಲಿ ಕಕಾರದ ಎಡೆಗೆ ಗಕಾರವು ಬಂದಂತೆ. ಆದೇಶವನ್ನು ಸ್ಥಾನಿಯೆಂದೇ ಭಾವಿಸಿ ಕಾರ್ಯಗಳನ್ನು ನಡೆಸಬೇಕೆಂದೂ, ವರ್ಣವನ್ನೇ ಆಶ್ರಯಿಸಿದ ವಿಧಿಗಳಲ್ಲಿ ಮಾತ್ರ ಹಾಗಲ್ಲವೆಂದೂ ಪಾಣಿನಿಯು ವಿಧಿಸಿರುವನಷ್ಟೆ. ಡ್ರಮ್ಯುಲೇಟರಿನ ವ್ಯವಹಾರವೂ ಇದೇ. ತಾಳದ ನಿಯಮದಂತೆ ಯಂತ್ರವು ಒಂದು ಸ್ಥಾನವನ್ನು ಕರೆಯುವುದೇ ವಿನಾ ಅಲ್ಲಿ ಕುಳಿತವರಾರೆಂದು ಕೇಳುವುದಿಲ್ಲ. ಹಳೆಯ ಧ್ವನಿಗೆ ಕಟ್ಟಿದ ತಾಳವೇ ಹೊಸ ಧ್ವನಿಯಲ್ಲಿ ತಪ್ಪದೆ ನಡೆಯುವುದು. ಭೇದವು ತಿಳಿಯುವುದು ಕಿವಿಗೆ ಮಾತ್ರ. ಆದರೆ ಆದೇಶಕ್ಕೆ ಒಂದು ನಿರ್ಬಂಧವುಂಟು: ಅದು ಸ್ಥಾನಿಯಿದ್ದ ಸ್ಥಳದಲ್ಲಿಯೇ ಹಿಡಿಸಬೇಕು. ಧ್ವನಿಯು ದೀರ್ಘವಾದರೆ ಬಾಲವನ್ನು ಕತ್ತರಿಸದೆ ಗತ್ಯಂತರವಿಲ್ಲ. ಛಂದಸ್ಸಿನ ಕಟ್ಟಿನಲ್ಲಿ ಪಾಠವನ್ನು ತಿದ್ದಿದವರು ಈ ಸಂಕಟವನ್ನು ಬಲ್ಲರು.

ಧ್ವನಿಯನ್ನಲ್ಲದೆ ಯಂತ್ರದ ನಡಾವಳಿಯನ್ನೇ ಬರೆದಿರುವ ಚಿಪ್ಪುಗಳೂ ಉಂಟು. ಆ ಬರೆಹಕ್ಕೆ ಫರ್ಮ್‌ವೇರ್ ಎಂದು ಹೆಸರು. ಅದನ್ನು ಬದಲಾಯಿಸುವುದು ಪದಪ್ರಯೋಗವನ್ನಲ್ಲ, ವ್ಯಾಕರಣಸೂತ್ರವನ್ನೇ ತಿದ್ದಿದಂತೆ. ೧೯೮೪ರ ‘ಲಿನ್ ೯೦೦೦’ ದೋಷಯುಕ್ತವಾದ ಫರ್ಮ್‌ವೇರಿನೊಡನೆ ಹೊರಬಿದ್ದಿತು. ೧೯೮೬ರಲ್ಲಿ ಲಿನ್ ಸಂಸ್ಥೆಯು ಮುಚ್ಚಿಹೋಯಿತು. ಅದರ ಉಳಿದ ಸ್ವತ್ತನ್ನು ಕೊಂಡ ಫೊರಾಟ್ ಸಂಸ್ಥೆಯವರು ಆ ಪಾಠವನ್ನು ಪರಿಶೋಧಿಸಿ ಯಂತ್ರವನ್ನು ಬಳಕೆಗೆ ಯೋಗ್ಯವಾಗಿಸಿದರು. ಇಲ್ಲಿ ‘ಮೂಲಪಾಠವೇ ಪ್ರಮಾಣ’ವೆಂದು ಹಟಹಿಡಿದರೆ ಕೈಗೆ ಬರುವುದು ಕೆಟ್ಟ ಯಂತ್ರವೇ. ಲಿನ್ ತಾನೇ ಜಪಾನಿನ ಆಕಾಯ್ ಸಂಸ್ಥೆಗಾಗಿ ರಚಿಸಿದ ‘ಎಮ್‌ಪಿಸಿ-೬೦’ (೧೯೮೮) ಯಂತ್ರಕ್ಕೂ ಹೀಗೆಯೇ ಆಯಿತು. ೧೯೯೪ರ ‘ಎಮ್‌ಪಿಸಿ-೩೦೦೦’ದ ಕೆಲವು ಗುಣಗಳನ್ನು ಹಳೆಯ ಪೆಟ್ಟಿಗೆಗೂ ತಂದುಕೊಡುವ ೩.೧೦ನೆಯ ಆವೃತ್ತಿಯ ಚಿಪ್ಪುಗಳನ್ನು ಆತನು ಆಮೇಲೆ ಪ್ರತ್ಯೇಕವಾಗಿ ಒದಗಿಸಿದನು. ಕರ್ತೃವೇ ತನ್ನ ಕೃತಿಯ ಉತ್ತರಪಾಠವನ್ನು ಬರೆದಾಗ, ಪೂರ್ವಪಾಠವನ್ನು ಶುದ್ಧವೆನ್ನಬೇಕೋ ಅಪರಿಣತವೆನ್ನಬೇಕೋ?

ಸಂಗ್ರಾಹಕರ ಆಕ್ಷೇಪಣೆಯು ಪೂರ್ತಿಯಾಗಿ ನಿರಾಧಾರವೆನ್ನುವಂತಿಲ್ಲ. ಆಗಮವು ಮಿತ್ರನಂತೆ ಪಕ್ಕದಲ್ಲಿ ಬಂದು ನಿಲ್ಲುವುದೆಂದೂ, ಆದೇಶವು ಶತ್ರುವಿನಂತೆ ಇದ್ದವನನ್ನು ಹೊರದೂಡುವುದೆಂದೂ ವೈಯಾಕರಣರು ಹೇಳುವರು. ಹೊರದೂಡಿದ ಚಿಪ್ಪನ್ನು ಜೋಪಾನವಾಗಿಡದೆ ಎಸೆದವರೂ, ಅದನ್ನೇ ಅಳಿಸಿ ಬೇರೆ ಬರೆದವರೂ ಇಲ್ಲದಿಲ್ಲ, ಇದು ಅಕ್ಷಮ್ಯ. ಆದರೆ ಮುಟ್ಟದೆ ಇಟ್ಟ ಮಾತ್ರಕ್ಕೆ ಮೂಲವು ಉಳಿಯುವುದೆಂಬುದೂ ಭ್ರಮೆಯೇ. ಕೋಶಗಳಲ್ಲಿ ಸೆರೆಹಿಡಿದ ವಿದ್ಯುದಂಶವು ದಶಕಗಳು ಕಳೆದಂತೆ ಸೋರಿಹೋಗಬಹುದು. ಧ್ವನಿಯ ಚಿಪ್ಪಿನಲ್ಲಿ ಒಂದು ಅಂಕಿ ಕೆಟ್ಟರೆ ‘ಟಕ್’ ಎಂಬ ಅಪಶಬ್ದವೊಂದು ಕೇಳಿಸೀತು. ಫರ್ಮ್‌ವೇರಿನ ಚಿಪ್ಪಿನಲ್ಲಿ ಕೆಟ್ಟರೆ ಯಂತ್ರವೇ ಮೂಕವಾದೀತು. ಹುಳು ತಿನ್ನುವ ಮೊದಲೇ ಓಲೆಯನ್ನು ಪ್ರತಿಮಾಡುವ ಲಿಪಿಕಾರನಂತೆ, ಅಂಕಿಗಳನ್ನೆಲ್ಲ ಓದಿ ಹೊಸ ಚಿಪ್ಪಿಗೆ ಇಳಿಸುವವನೇ ಇಲ್ಲಿ ರಕ್ಷಕ. ಓದಿ ಪ್ರತಿಮಾಡುವ ಉಪಕರಣವೂ ಕೌಶಲವೂ ಇರುವುದಾದರೋ, ಅಪಚಾರಿಗಳೆನಿಸಿಕೊಂಡ ಚಿಪ್ಪು ಬದಲಾಯಿಸುವವರ ಬಳಿಯಲ್ಲಿಯೇ.

ಗಾಚರ್, ಬ್ರೂಕ್ಸ್ ಇವರ ಓದು ಅಲ್ಲಿಗೇ ನಿಲ್ಲಲಿಲ್ಲ. ಇವರ ಉದ್ಯಮವೇ ‘ಡಿಜಿಡಿಸೈನ್’ ಎಂದು ಹೆಸರು ಪಡೆದು, ಗಣಕಯಂತ್ರದ ಪರದೆಯ ಮೇಲೆ ಧ್ವನಿಯನ್ನು ಕಂಡು ತಿದ್ದುವ ‘ಸೌಂಡ್ ಡಿಸೈನರ್’ ಎಂಬ ಸಾಧನವನ್ನು ೧೯೮೫ರಲ್ಲಿ ಹೊರತಂದಿತು. ೧೯೮೯ರಲ್ಲಿ ‘ಸೌಂಡ್ ಟೂಲ್ಸ್’, ೧೯೯೧ರಲ್ಲಿ ‘ಪ್ರೊ ಟೂಲ್ಸ್’ ಬಂದುವು. ಧ್ವನಿಮುದ್ರಣಶಾಲೆಗಳಲ್ಲಿ ಸುಪರಿಚಿತವಾಗಿರುವ ಈ ಸಾಧನದ ವಂಶವೃಕ್ಷವನ್ನು ಬರೆಯುವವರು ಅದರ ಬೇರನ್ನು ಡ್ರಮ್ಯುಲೇಟರಿನ ಸಾಕೆಟ್ಟಿನಲ್ಲಿ ಹುಡುಕಬೇಕಾಗುವುದು.