ಅಜ್ಜನ ಕಾಲು ಮತ್ತು ಒಂದು ಚೀಟಿ

ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ನಮ್ಮಜ್ಜ ಬಲಗಾಲು ಕಳೆದುಕೊಂಡದ್ದು 1978ರಲ್ಲಿ, ತನ್ನ 38ನೇ ವಯಸ್ಸಿನಲ್ಲಿ. ಮೊದಲು ಹೆಬ್ಬೆರಳು ಕಪ್ಪಾಯಿತಂತೆ. ರಾತ್ರಿ ನೋವು ತಡೆಯಲಾಗದೆ ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟು ಕೂರುತ್ತಿದ್ದನಂತೆ. ಬೆಳಗಾವಿಗೆ ಕರೆದೊಯ್ಯುವಷ್ಟರಲ್ಲಿ ಕಾಲು ಕತ್ತರಿಸದೆ ಬೇರೆ ದಾರಿ ಉಳಿದಿರಲಿಲ್ಲ. “ಯಾರೋ ಮಾಟಾ ಮಾಡಿಸ್ಯಾರ” ಎಂದೇ ಅಜ್ಜಿ ಕೊನೆಯವರೆಗೂ ನಂಬಿದ್ದಳು.

ಹೋದ ವರ್ಷ ಅಜ್ಜನ ಟ್ರಂಕಿನಲ್ಲಿ ಆಸ್ಪತ್ರೆಯ ಚೀಟಿ ಸಿಕ್ಕಿತು. ಇಂಗ್ಲಿಷಿನಲ್ಲಿ ‘ಬರ್ಗರ್ ಕಾಯಿಲೆ’ ಎಂದಿತ್ತು. 1908ರಲ್ಲಿ ನ್ಯೂಯಾರ್ಕಿನ ವೈದ್ಯ ಲಿಯೋ ಬರ್ಗರ್, ಕತ್ತರಿಸಿ ತೆಗೆದ 11 ಅವಯವಗಳ ರಕ್ತನಾಳಗಳನ್ನು ಪರೀಕ್ಷಿಸಿ ಇದನ್ನು ವಿವರಿಸಿದ. ನಾಳಗಳು ಉರಿಯೂತದಿಂದ ಊದಿ, ಒಳಗೆ ರಕ್ತ ಹೆಪ್ಪುಗಟ್ಟಿ, ಕಾಲಿಗೆ ರಕ್ತ ಹರಿಯುವುದು ನಿಲ್ಲುತ್ತದೆ. ಹೆಚ್ಚಾಗಿ ತಂಬಾಕು ಸೇವಿಸುವ, 45 ದಾಟದ ಗಂಡಸರಿಗೆ ಬರುತ್ತದೆ.

ತಂಬಾಕು ನಮ್ಮ ಜಿಲ್ಲೆಗೆ ಹೊಸದಲ್ಲ. ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿ ಬೆಳಗಾವಿ ಜಿಲ್ಲೆಯದೇ. 1981ರಲ್ಲಿ ಅಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ರೈತರು ತಂಬಾಕಿನ ಬೆಲೆಗಾಗಿ ಹೆದ್ದಾರಿಯಲ್ಲಿ ಕೂತರು. ಪೊಲೀಸರ ಗುಂಡಿಗೆ ಜೀವಗಳು ಹೋದವು. ಇತಿಹಾಸದ ವಿದ್ಯಾರ್ಥಿಯಾಗಿ ನಾನು ಆ ಬೆಲೆಯ ಕಥೆ ಓದಿದ್ದೆ, ಬೀಡಿ ಕಟ್ಟುವ ಹೆಂಗಸರ ಕೂಲಿಯ ಕಥೆಯನ್ನೂ ಓದಿದ್ದೆ. ಬೀಡಿ ಸೇದಿದವರ ಕಾಲಿನ ಕಥೆ ಆ ಪುಟಗಳಲ್ಲಿ ಸಿಕ್ಕಿರಲಿಲ್ಲ.

ಅಜ್ಜನ ಕಾಲದಲ್ಲಿ ಇಲ್ಲದ ಒಂದು ದಾರಿ ಈಗ ಇದೆ. 2002ರಲ್ಲಿ ಜಪಾನಿನ ವೈದ್ಯರು ರೋಗಿಯದೇ ಅಸ್ಥಿಮಜ್ಜೆಯ ಕೋಶಗಳನ್ನು ಕಾಲಿನ ಸ್ನಾಯುವಿಗೆ ಚುಚ್ಚಿ, ರಕ್ತದ ಹರಿವು ಸುಧಾರಿಸಿದ್ದನ್ನು ವರದಿ ಮಾಡಿದರು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಆರೋಗ್ಯವಂತ ದಾನಿಗಳ ಮಜ್ಜೆಯಿಂದ ಕಾಂಡಕೋಶಗಳನ್ನು ಬೆಳೆಸಿ ‘ಸ್ಟೆಂಪ್ಯೂಸೆಲ್’ ಎಂಬ ಔಷಧ ಮಾಡಿತು. ಬರ್ಗರ್ ಕಾಯಿಲೆಗೆ ಅದನ್ನು ಬಳಸಲು 2016ರಲ್ಲಿ ಸೀಮಿತ ಅನುಮತಿ ಸಿಕ್ಕಿತು. ಪ್ರತಿ ಕಿಲೋ ತೂಕಕ್ಕೆ 20 ಲಕ್ಷ ಕೋಶ. ಅಂದರೆ 60 ಕಿಲೋ ತೂಗುವವರಿಗೆ 12 ಕೋಟಿ. ಮೀನಖಂಡಕ್ಕೂ ಹುಣ್ಣಿನ ಸುತ್ತಲೂ ಚುಚ್ಚುತ್ತಾರೆ. ಈ ಕೋಶಗಳು ತಾವೇ ರಕ್ತನಾಳಗಳಾಗುವುದಕ್ಕಿಂತ, ಹೊಸ ಸಣ್ಣ ನಾಳಗಳು ಮೂಡಲು ನೆರವಾಗುವ ರಾಸಾಯನಿಕಗಳನ್ನು ಸ್ರವಿಸುತ್ತವೆ ಎಂಬುದು ವಿಜ್ಞಾನಿಗಳ ವಿವರಣೆ.

ದೇಶದ 90 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಈ ಪ್ರಮಾಣ ಪಡೆದವರಿಗೆ ನೋವು ಹೆಚ್ಚು ಇಳಿಯಿತು, ಹುಣ್ಣು ಹೆಚ್ಚು ಕಿರಿದಾಯಿತು. ಆದರೆ ಯಾರಿಗೆ ಕೋಶ ಕೊಡಬೇಕೆಂದು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ. ಯಾರಿಗೆ ಏನು ಕೊಟ್ಟಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಇದನ್ನು ಪವಾಡವೆನ್ನಲು ನಾನು ಸಿದ್ಧನಿಲ್ಲ. ಕೋಶ ಚುಚ್ಚಿಸಿಕೊಂಡ ಮೇಲೂ ತಂಬಾಕು ಬಿಡಲೇಬೇಕು.

ಅಜ್ಜನ ಚೀಟಿಯ ಕೊನೆಯ ಸಾಲೂ ಅದೇ: ತಂಬಾಕು ಪೂರ್ತಿ ನಿಲ್ಲಿಸಬೇಕು. ಮನೆಯಲ್ಲಿ ಇಂಗ್ಲಿಷ್ ಓದುವವರು ಯಾರೂ ಇರಲಿಲ್ಲ. ಓದಿ ಹೇಳಿದವರೂ ಇರಲಿಲ್ಲವೇನೋ. ಅಜ್ಜ ಊರುಗೋಲು ಹಿಡಿದು ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಲೇ ಇದ್ದ. ಆರು ವರ್ಷಕ್ಕೆ ಎಡಗಾಲಿನ ಬೆರಳುಗಳೂ ಹೋದವು.