ಗೊಂಬೆಗಳು ಕಟಕಟೆಗೆ ಬಂದ ಬಗೆ

1954ರ ಮೇ 17ರಂದು ಅಮೆರಿಕದ ಸುಪ್ರೀಂ ಕೋರ್ಟು, ಸರ್ಕಾರಿ ಶಾಲೆಗಳಲ್ಲಿ ಕಪ್ಪು ಮಕ್ಕಳನ್ನೂ ಬಿಳಿ ಮಕ್ಕಳನ್ನೂ ಬೇರೆಬೇರೆ ಕೂರಿಸುವುದು ಸಂವಿಧಾನಬಾಹಿರವೆಂದು ಒಮ್ಮತದಿಂದ ಸಾರಿತು. ‘ಬ್ರೌನ್’ ಪ್ರಕರಣದ ಆ ತೀರ್ಪಿನ ಹನ್ನೊಂದನೆಯ ಅಡಿಟಿಪ್ಪಣಿಯಲ್ಲಿ ಮೊದಲು ಕಾಣುವುದು ಮನೋವಿಜ್ಞಾನಿ ಕೆನೆತ್ ಕ್ಲಾರ್ಕ್ ಅವರ ಹೆಸರು. ಅವರ ವಾದದ ಬೇರು ಇದ್ದದ್ದು ಪತ್ನಿ ಮೇಮಿ ಫಿಪ್ಸ್ ಕ್ಲಾರ್ಕ್ ಅವರ ಸ್ನಾತಕೋತ್ತರ ಪ್ರಬಂಧದಲ್ಲಿ.

ಅರ್ಕಾನ್ಸಾದ ಹಾಟ್ ಸ್ಪ್ರಿಂಗ್ಸ್‌ನಲ್ಲಿ 1917ರಲ್ಲಿ ಹುಟ್ಟಿದ ಮೇಮಿ ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಬಂದದ್ದು ಗಣಿತ ಓದಲು. ಮನೋವಿಜ್ಞಾನಕ್ಕೆ ಹೊರಳಿದ್ದು ಕೆನೆತ್ ಸಲಹೆಯಿಂದ. 1938ರ ಬೇಸಿಗೆಯಲ್ಲಿ ವಕೀಲ ವಿಲಿಯಂ ಹ್ಯೂಸ್ಟನ್ ಅವರ ಕಚೇರಿಯಲ್ಲಿ ಕೆಲಸಕ್ಕಿದ್ದಾಗ ವರ್ಣಭೇದ ವಿರೋಧಿ ಮೊಕದ್ದಮೆಗಳು ರೂಪುಗೊಳ್ಳುವುದನ್ನು ಹತ್ತಿರದಿಂದ ಕಂಡರು. ತಾನು ಕಪ್ಪು ಎಂಬ ಅರಿವು ಪುಟ್ಟ ಮಗುವಿಗೆ ಯಾವಾಗ, ಹೇಗೆ ಮೂಡುತ್ತದೆ? ಪ್ರಬಂಧಕ್ಕೆ ಅವರು ಹಿಡಿದ ಪ್ರಶ್ನೆ ಇದು.

ಮುಂದೆ ದಂಪತಿಗಳಿಬ್ಬರೂ ಮೂರರಿಂದ ಏಳು ವರ್ಷದ 253 ಕಪ್ಪು ಮಕ್ಕಳ ಮುಂದೆ ನಾಲ್ಕು ಗೊಂಬೆಗಳನ್ನಿಟ್ಟರು. ಮೈಬಣ್ಣ, ಕೂದಲಿನ ಬಣ್ಣ ಬಿಟ್ಟರೆ ಎಲ್ಲವೂ ಒಂದೇ ಅಚ್ಚಿನವು. ಯಾವುದರ ಜೊತೆ ಆಡುತ್ತೀಯ, ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಕೇಳಿದ ಮೇಲೆ ಕೊನೆಗೆ, ನಿನ್ನ ಹಾಗಿರುವುದು ಯಾವುದು ಎಂದರು. ಮೂರನೆಯ ಎರಡು ಪಾಲು ಮಕ್ಕಳು ಆಟಕ್ಕೆ ಬಿಳಿ ಗೊಂಬೆಯನ್ನೇ ಆರಿಸಿದವು. ಆ ಕೊನೆಯ ಪ್ರಶ್ನೆಗೆ ಕೆಲವು ಮಕ್ಕಳು ಅತ್ತವು.

1896ರ ‘ಪ್ಲೆಸಿ’ ತೀರ್ಪಿನಿಂದಾಚೆಗೆ ವಾದವೆಲ್ಲ ಕಟ್ಟಡ, ಪುಸ್ತಕ, ಶಿಕ್ಷಕರ ಸಂಬಳಗಳ ಸುತ್ತಲೇ ಸುತ್ತುತ್ತಿತ್ತು. ಸೌಲಭ್ಯ ಸಮನಾಗಿದ್ದರೆ ಬೇರ್ಪಡಿಸಿದ್ದು ತಪ್ಪಲ್ಲ ಎಂಬುದು ಆಗಿನ ನ್ಯಾಯ. ಮುಂದೆ ‘ಬ್ರೌನ್’ ಪ್ರಕರಣದೊಳಗೆ ಸೇರಿದ ಸೌತ್ ಕ್ಯಾರೊಲಿನಾದ ಕ್ಲಾರೆಂಡನ್ ಕೌಂಟಿಯ ಹೋರಾಟವೂ ಶುರುವಾದದ್ದು ಒಂದು ಶಾಲಾ ಬಸ್ಸಿನ ಬೇಡಿಕೆಯಿಂದ. 1951ರಲ್ಲಿ ಕೆನೆತ್ ಅದೇ ಗೊಂಬೆಗಳೊಂದಿಗೆ ಅಲ್ಲಿಗೆ ಹೋಗಿ 16 ಮಕ್ಕಳನ್ನು ಮಾತಾಡಿಸಿದರು. ಹನ್ನೊಂದು ಮಕ್ಕಳಿಗೆ ಕೆಟ್ಟದಾಗಿ ಕಂಡದ್ದು ಕಪ್ಪು ಗೊಂಬೆ. ಮಗುವಿನ ಮನಸ್ಸಿಗಾದ ಗಾಯ ಹೀಗೆ ನ್ಯಾಯಾಲಯದ ಸಾಕ್ಷ್ಯವಾಯಿತು.

ಹದಿನಾರು ಮಕ್ಕಳು ಸಾಕೇ ಎಂದು ಟೀಕಾಕಾರರು ಕೇಳಿದರು, ನ್ಯಾಯವಾದ ಪ್ರಶ್ನೆ. ಇನ್ನೂ ತೊಡಕಿನ ಸಂಗತಿ ದಂಪತಿಗಳ ಸ್ವಂತ ಅಂಕಿಗಳಲ್ಲೇ ಇತ್ತು. ದಕ್ಷಿಣದ ಪ್ರತ್ಯೇಕ ಶಾಲೆಗಳಲ್ಲಿ ಶೇ. 62ರಷ್ಟು ಮಕ್ಕಳು ಬಿಳಿ ಗೊಂಬೆಯೊಂದಿಗೆ ಆಡಬಯಸಿದರೆ, ಉತ್ತರದ ಮಿಶ್ರ ಶಾಲೆಗಳಲ್ಲಿ ಅದು ಶೇ. 72. ಗಾಯಕ್ಕೆ ಶಾಲೆಯೊಂದೇ ಕಾರಣವಲ್ಲ, ಇಡೀ ಸಮಾಜವೇ ಕಾರಣ ಎಂದು ಈ ಅಂಕಿಗಳು ಹೇಳುತ್ತಿದ್ದವು. ಪ್ರಯೋಗದ ಸತ್ಯ, ಮೊಕದ್ದಮೆಗೆ ಬೇಕಿದ್ದ ಸತ್ಯಕ್ಕಿಂತ ದೊಡ್ಡದಿತ್ತು.

ಎದುರಾಳಿಗಳ ಕೈಯಲ್ಲಿದ್ದದ್ದೂ ಮನೋವಿಜ್ಞಾನವೇ. ಕೊಲಂಬಿಯಾದಲ್ಲಿ ಮೇಮಿಗೆ ಪಿಎಚ್.ಡಿ. ಮಾರ್ಗದರ್ಶಕರಾಗಿದ್ದ ಹೆನ್ರಿ ಗ್ಯಾರೆಟ್, ‘ಬ್ರೌನ್’ನೊಳಗೇ ಸೇರಿದ ವರ್ಜೀನಿಯಾದ ಮೊಕದ್ದಮೆಯಲ್ಲಿ ಪ್ರತ್ಯೇಕ ಶಾಲೆಗಳ ಪರವಾಗಿ ಸಾಕ್ಷಿ ಹೇಳಿದರು. ಅವರ ಶಿಷ್ಯೆ ಅದೇ ಮೊಕದ್ದಮೆಯಲ್ಲಿ ಅವರಿಗೆದುರಾಗಿ ಸಾಕ್ಷಿ ನುಡಿದರು.

ತೀರ್ಪಿನ ಕೀರ್ತಿಯೆಲ್ಲ ಕೆನೆತ್‌ಗೆ ಹೋಯಿತು. ಆದರೆ 1946ರಲ್ಲೇ ದಂಪತಿಗಳು ಹಾರ್ಲೆಮ್‌ನಲ್ಲಿ ತೆರೆದಿದ್ದ ನಾರ್ತ್‌ಸೈಡ್ ಕೇಂದ್ರವನ್ನು ದಶಕಗಳ ಕಾಲ ನಡೆಸಿದವರು ಮೇಮಿ. ಬುದ್ಧಿಮಾಂದ್ಯರೆಂದು ಹಣೆಪಟ್ಟಿ ಹಚ್ಚಿ ನ್ಯೂಯಾರ್ಕಿನ ಶಾಲೆಗಳು ವಿಶೇಷ ತರಗತಿಗೆ ತಳ್ಳಿದ್ದ ಮಕ್ಕಳನ್ನು ಹೆತ್ತವರು ಅಲ್ಲಿಗೆ ಕರೆತರುತ್ತಿದ್ದರು. ಕೇಂದ್ರದವರು ಮತ್ತೆ ಪರೀಕ್ಷಿಸಿದಾಗ, ಬಹುಪಾಲು ಮಕ್ಕಳಿಗೆ ಆ ತರಗತಿ ಸಲ್ಲುವುದೇ ಇಲ್ಲವೆಂದು ಗೊತ್ತಾಯಿತು.