ನಾಲ್ವರು ಮಟಿಲ್ಡಾರು, ಒಂದು ಕಿರೀಟ

1066ರಲ್ಲಿ ನಾರ್ಮಂಡಿಯ ಡ್ಯೂಕ್ ವಿಲಿಯಂ ಇಂಗ್ಲೆಂಡಿನ ಮೇಲೆ ದಂಡೆತ್ತಿ ಹೊರಟಾಗ ಅವನು ಏರಿದ ‘ಮೋರಾ’ ಹಡಗು ಹೆಂಡತಿ ಮಟಿಲ್ಡಾ ಕಟ್ಟಿಸಿಕೊಟ್ಟದ್ದು. ಗಂಡ ಕಡಲಾಚೆ ಕಾದಾಡುತ್ತಿದ್ದಾಗ ನಾರ್ಮಂಡಿಯ ಆಡಳಿತವೂ ಫ್ಲಾಂಡರ್ಸಿನ ಈ ಕುವರಿಯ ಕೈಯಲ್ಲಿತ್ತು. ಗೆಲುವಿನ ನಂತರವೂ ಆ ಹೊಣೆ ತಪ್ಪಲಿಲ್ಲ. ರಾಜ್ಯ ಕಡಲಿನ ಎರಡೂ ದಡಕ್ಕೆ ಚಾಚಿಕೊಂಡಿತ್ತು. ಅರಸ ಒಂದು ಕಡೆ ಇದ್ದರೆ ಇನ್ನೊಂದು ಕಡೆ ಅವನ ಮಾತು ನಡೆಸಲು ನಂಬಿಕಸ್ಥರು ಬೇಕಿತ್ತು. ನಾರ್ಮನ್ ರಾಣಿಯರ ಅಧಿಕಾರ ಬೆಳೆದದ್ದು ಈ ಅಗತ್ಯದಿಂದ.

ಆ ಅಧಿಕಾರಕ್ಕೆ ಭೂಮಿಯ ಬಲವೂ ಇತ್ತು. 1068ರಲ್ಲಿ ಮಟಿಲ್ಡಾಳಿಗೆ ರಾಣಿಯಾಗಿ ಪಟ್ಟಾಭಿಷೇಕವಾಯಿತು. ಇಂಗ್ಲೆಂಡಿನಲ್ಲಿ ಆಕೆಗೆ ದೊರೆತ ಜಮೀನುಗಳ ವಿವರ 1086ರ ಡೂಮ್ಸ್‌ಡೇ ಭೂದಾಖಲೆಯಲ್ಲಿದೆ. ಆ ಹೊತ್ತಿಗೆ ಆಕೆ ತೀರಿಕೊಂಡು ಮೂರು ವರ್ಷವಾಗಿತ್ತು. ಕೈಯಲ್ಲಿ ಸ್ವಂತ ಹಣವಿದ್ದ ರಾಣಿ ಗಂಡನ ಇಷ್ಟಕ್ಕೆ ವಿರುದ್ಧವಾಗಿಯೂ ನಡೆಯಬಲ್ಲಳು. ಹಿರಿಮಗ ರಾಬರ್ಟ್ ತಂದೆಯ ಮೇಲೆ ಬಂಡೆದ್ದಾಗ ಆಕೆ ಗುಟ್ಟಾಗಿ ಅವನಿಗೆ ಹಣ ಕಳುಹಿಸಿದಳು. ಸುದ್ದಿ ತಿಳಿದ ವಿಲಿಯಂ ಕೆರಳಿ, ಆಕೆಯ ದೂತನ ಕಣ್ಣು ಕೀಳಿಸಲು ಆಜ್ಞೆ ಮಾಡಿದ. ದೂತ ಓಡಿಹೋಗಿ ಮಠ ಸೇರಿ ಸನ್ಯಾಸಿಯಾದ ಎಂದು ಚರಿತ್ರೆಕಾರ ಆರ್ಡೆರಿಕ್ ಬರೆದಿದ್ದಾನೆ.

1100ರಲ್ಲಿ ವಿಲಿಯಂನ ಮಗ ಒಂದನೆಯ ಹೆನ್ರಿಯ ಕೈಹಿಡಿದ ಸ್ಕಾಟ್ಲೆಂಡಿನ ರಾಜಕುಮಾರಿ ಈಡಿತ್ ಕೂಡ ಮಟಿಲ್ಡಾ ಎಂದೇ ಹೆಸರಾದಳು. ಬೆಳೆದದ್ದು ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಾದ್ದರಿಂದ ಆಕೆ ದೀಕ್ಷೆ ಪಡೆದವಳೆಂಬ ಆಕ್ಷೇಪ ಎದ್ದಿತು. ನಾರ್ಮನ್ ಗಂಡಸರ ಕಣ್ಣಿನಿಂದ ಕಾಪಾಡಲು ಚಿಕ್ಕಮ್ಮ ತಲೆಗೆ ಮುಸುಕು ಹೊದಿಸುತ್ತಿದ್ದಳು, ಅವಳು ಅತ್ತ ಹೋದೊಡನೆ ತಾನು ಅದನ್ನು ಕಿತ್ತೆಸೆದು ಕಾಲಲ್ಲಿ ತುಳಿಯುತ್ತಿದ್ದೆ ಎಂದು ಈಡಿತ್ ಧೈರ್ಯವಾಗಿ ಹೇಳಿಕೆ ಕೊಟ್ಟಳು. ಆರ್ಚ್‌ಬಿಷಪ್ ಆನ್ಸೆಲ್ಮ್ ಕರೆದ ಸಭೆ ಅದನ್ನು ಒಪ್ಪಿಕೊಂಡಿತು.

ಹೆನ್ರಿ ನಾರ್ಮಂಡಿಯಲ್ಲಿದ್ದಾಗ ಇಂಗ್ಲೆಂಡಿನಲ್ಲಿ ಆಕೆಯ ಮುದ್ರೆ ಬಿದ್ದ ಆಜ್ಞೆಗಳು ಹೊರಡುತ್ತಿದ್ದವು. ಲಂಡನ್ ಬಳಿಯ ಲೀ ನದಿಗೆ ಬೋ ಎಂಬಲ್ಲಿ ಸೇತುವೆ ಕಟ್ಟಿಸಿದಳು, ಕುಷ್ಠರೋಗಿಗಳಿಗೆ ಸೇಂಟ್ ಜೈಲ್ಸ್ ಆಸ್ಪತ್ರೆ ಸ್ಥಾಪಿಸಿದಳು.

1118ರಲ್ಲಿ ಆಕೆ ತೀರಿಕೊಂಡಳು. ಎರಡು ವರ್ಷದ ಬಳಿಕ ‘ವೈಟ್ ಶಿಪ್’ ಹಡಗು ಮುಳುಗಿ ಆಕೆಯ ಒಬ್ಬನೇ ಮಗ ವಿಲಿಯಂ ಸತ್ತ. ಉಳಿದವಳು ಮಗಳು, ಜರ್ಮನಿಯ ಚಕ್ರವರ್ತಿಯ ವಿಧವೆಯಾದ ಇನ್ನೊಬ್ಬ ಮಟಿಲ್ಡಾ. 1127ರಲ್ಲಿ ಹೆನ್ರಿ ತನ್ನ ಸರದಾರರಿಂದ ಅವಳೇ ವಾರಸುದಾರಳೆಂದು ಪ್ರಮಾಣ ಮಾಡಿಸಿದ. 1135ರಲ್ಲಿ ಅವನು ಸತ್ತದ್ದೇ ತಡ, ಪ್ರಮಾಣ ಮಾಡಿದ್ದ ಸೋದರಳಿಯ ಸ್ಟೀಫನ್ ಕಿರೀಟ ತೊಟ್ಟ. ಸ್ಟೀಫನ್ನನ ರಾಣಿಯ ಹೆಸರೂ ಮಟಿಲ್ಡಾ.

1141ರ ಫೆಬ್ರವರಿಯಲ್ಲಿ ಲಿಂಕನ್ ಕದನದಲ್ಲಿ ಸ್ಟೀಫನ್ ಸೆರೆಸಿಕ್ಕ. ಚಕ್ರವರ್ತಿನಿ ಮಟಿಲ್ಡಾ ‘ಇಂಗ್ಲಿಷರ ಒಡತಿ’ ಎಂಬ ಬಿರುದು ತಾಳಿ, ಪಟ್ಟಾಭಿಷೇಕಕ್ಕೆಂದು ವೆಸ್ಟ್‌ಮಿನ್‌ಸ್ಟರ್‌ಗೆ ಬಂದಳು. ಲಂಡನ್ನಿಗರಿಂದ ದೊಡ್ಡ ಮೊತ್ತ ಕೇಳಿದಳು, ರಿಯಾಯಿತಿ ಬೇಡಿದವರನ್ನು ಗದರಿಸಿದಳು. ಮಗನ ಪಾಲಿನ ಆಸ್ತಿಯನ್ನಾದರೂ ಬಿಟ್ಟುಕೊಡಿ ಎಂದು ಸ್ಟೀಫನ್ನನ ರಾಣಿ ಮಾಡಿಕೊಂಡ ವಿನಂತಿಯನ್ನೂ ತಳ್ಳಿಹಾಕಿದಳು. ಆ ರಾಣಿ ಸುಮ್ಮನೆ ಕೂರಲಿಲ್ಲ. ಥೇಮ್ಸ್ ನದಿಯ ತೆಂಕಣ ದಡಕ್ಕೆ ಸೇನೆ ನಡೆಸಿ ಊರುಗಳಿಗೆ ಬೆಂಕಿ ಇಡಿಸಿದಳು. ಜೂನ್ 24ರಂದು ನಗರದ ಗಂಟೆಗಳು ಮೊಳಗಿ ಜನ ದಂಗೆ ಎದ್ದರು. ಚಕ್ರವರ್ತಿನಿ ಆಕ್ಸ್‌ಫರ್ಡಿಗೆ ಪಲಾಯನ ಮಾಡಿದಳು. ಸೆಪ್ಟೆಂಬರಿನಲ್ಲಿ ವಿಂಚೆಸ್ಟರ್ ಬಳಿ ರಾಣಿಯ ಪಡೆ ಚಕ್ರವರ್ತಿನಿಯ ಸೇನಾನಿ, ಮಲಸೋದರ ರಾಬರ್ಟನನ್ನು ಹಿಡಿಯಿತು. ಅವನನ್ನು ಕೊಟ್ಟು ರಾಣಿ ಗಂಡನನ್ನು ಬಿಡಿಸಿಕೊಂಡಳು.

ರಾಣಿ, ಚಕ್ರವರ್ತಿನಿ ಇಬ್ಬರೂ ದಂಡು ಕೂಡಿಸಿದರು, ಇಬ್ಬರೂ ಯುದ್ಧ ನಡೆಸಿದರು. ಸ್ಟೀಫನ್ನನ ಪಕ್ಷದ ಚರಿತ್ರೆಕಾರನಿಗೆ ಮಾತ್ರ ರಾಣಿಯ ಗಟ್ಟಿತನ ಗಂಡಸಿನ ಧೈರ್ಯವಾಗಿ ಕಂಡಿತು, ಚಕ್ರವರ್ತಿನಿಯದು ಹೆಣ್ಣಿಗೆ ಸಲ್ಲದ ದರ್ಪವಾಗಿ. ಪಕ್ಷಪಾತದ ಜೊತೆಗೆ ಇಲ್ಲಿ ಆ ಕಾಲದ ನಂಬಿಕೆಯೂ ಇದೆ. ರಾಣಿ ಹೋರಾಡಿದ್ದು ಗಂಡನ ಕಿರೀಟಕ್ಕಾಗಿ. ಚಕ್ರವರ್ತಿನಿ ಕೇಳಿದ್ದು ತನ್ನದೇ ಕಿರೀಟವನ್ನು.

1142ರ ಚಳಿಗಾಲದಲ್ಲಿ ಆಕ್ಸ್‌ಫರ್ಡ್ ಕೋಟೆಯಲ್ಲಿ ಮುತ್ತಿಗೆಗೆ ಸಿಕ್ಕ ಚಕ್ರವರ್ತಿನಿ ಹಿಮದಲ್ಲಿ ನಡೆದೇ ತಪ್ಪಿಸಿಕೊಂಡಳು. 1148ರಲ್ಲಿ ನಾರ್ಮಂಡಿಗೆ ಮರಳಿ, ಮಗನಿಗೆ ಸಲಹೆಗಾರ್ತಿಯಾಗಿ 1167ರವರೆಗೂ ಬಾಳಿದಳು. ಆ ಮಗ 1154ರಲ್ಲಿ ಎರಡನೆಯ ಹೆನ್ರಿಯಾಗಿ ಸಿಂಹಾಸನವೇರಿದ. ಅವನಿಗೆ ಆ ಹಕ್ಕು ಬಂದದ್ದು ತಾಯಿಯ ರಕ್ತದಿಂದ. ಹೆಣ್ಣೊಬ್ಬಳು ತನ್ನ ಸ್ವಂತ ಹಕ್ಕಿನಿಂದ ಇಂಗ್ಲೆಂಡಿನ ಕಿರೀಟ ತೊಟ್ಟದ್ದು 1553ರಲ್ಲಿ, ಒಂದನೆಯ ಮೇರಿಯ ಪಟ್ಟಾಭಿಷೇಕದಲ್ಲಿ.